ಗಾಳಿಯಲ್ಲಿ ಬರೆಯುವ ಬೆರಳು

ಶುಕ್ರವಾರ, ಮಧ್ಯಾಹ್ನ
ಮೂರನೇ ತರಗತಿ ಕೋಣೆ (ಮಕ್ಕಳು ಮೈದಾನದಲ್ಲಿ)

ತಪ್ಪು ಹುಡುಕುವುದರಲ್ಲಿ ನಮ್ಮ ಮನೆತನದಲ್ಲೇ ಸಾಟಿಯಿಲ್ಲದ ಅಕ್ಕನಿಗೆ,

ನಿನ್ನ ತಂಗಿ ಮಾಡುವ ನಮಸ್ಕಾರಗಳು. ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವೆಂದು ಅಮ್ಮ ಹೇಳಿದ್ದಾಳೆ. ನಾವಿಬ್ಬರೂ ಮಾತು ಬಿಟ್ಟ ಮೇಲೆ ಅಮ್ಮ ಒಂದು ಅಂಚೆ ಕಚೇರಿಯೇ ಆಗಿಬಿಟ್ಟಿದ್ದಾಳೆ. ನನ್ನ ಕೋಪವನ್ನು ನಿನಗೆ, ನಿನ್ನ ಕೊಂಕನ್ನು ನನಗೆ ಬಟವಾಡೆ ಮಾಡಿ ಪಾಪ ಸುಸ್ತಾಗಿದ್ದಾಳೆ. ಅವಳಿಗೆ ಒಂದು ದಿನ ರಜೆ ಕೊಡೋಣವೆಂದು ನೇರವಾಗಿ ಬರೆಯುತ್ತಿದ್ದೇನೆ.

ಅದು ಸುಳ್ಳು. ನಿಜವಾದ ಕಾರಣವೆಂದರೆ, ಗೋಡೆಯ ಆಚೆ ಹೆಡ್‌ಮೇಡಂ ಕೋಣೆಯಲ್ಲಿ ಪರೀಕ್ಷಕರು ಕೂತು ನನ್ನ ತರಗತಿಯ ಉಕ್ತಲೇಖನ ತಿದ್ದುತ್ತಿದ್ದಾರೆ. ಕೈಗೆ ಕೆಲಸವಿಲ್ಲದಿದ್ದರೆ ನಾನು ಎದ್ದು ಹೋಗಿ ಬಾಗಿಲ ಸಂದಿಗೆ ಕಣ್ಣಿಡುವುದು ಖಂಡಿತ. ವಯಸ್ಸಾದ ಟೀಚರಿಗೆ ಅದು ಶೋಭೆಯಲ್ಲ. ಆದ್ದರಿಂದ ನೀನು.

ಮೊದಲು ನಿನಗೆ ‘ಪಿಸುಮಾತಿ’ನ ಪರಿಚಯವಾಗಬೇಕು. ಕಿಟಕಿ ಪಕ್ಕದ ಬೆಂಚಿನ ಹುಡುಗಿ. ಏನು ಕೇಳಿದರೂ ಅವಳ ಉತ್ತರ ಹೊರಟೇನೋ ಹೊರಡುತ್ತದೆ, ನಮ್ಮ ಕಿವಿಗೆ ಒಂದು ಗೇಣು ದೂರದಲ್ಲೇ ನಿಂತುಬಿಡುತ್ತದೆ. ಎರಡನೇ ತರಗತಿಯಲ್ಲಿ ಅವಳನ್ನು ಒಮ್ಮೆ ಫೇಲು ಮಾಡಿ ಕೂರಿಸಿದ್ದಾಗಿದೆ. ಹಾಗೆ ಒಮ್ಮೆ ಕೂತವರು ಇವತ್ತಿನ ಪರೀಕ್ಷೆಯಲ್ಲಿ ಹತ್ತಕ್ಕೆ ಆರು ಪದ ಸರಿ ಬರೆಯದಿದ್ದರೆ ಸೋಮವಾರದಿಂದ ಮತ್ತೆ ಎರಡನೇ ತರಗತಿಗೆ. ಅಲ್ಲಿ ಈಗ ಅವಳ ಸ್ವಂತ ತಂಗಿ ಓದುತ್ತಿದ್ದಾಳೆ. ಆ ತಂಗಿಯೋ ಮಹಾ ಉದಾರಿ. ಆಗಲೇ ತನ್ನ ಬೆಂಚಿನ ಅರ್ಧ ಒರೆಸಿಟ್ಟು, ಊಟದ ಬಿಡುವಿನಲ್ಲಿ ಎಲ್ಲರೆದುರು, ಬಾರೇ ಅಕ್ಕ, ನನ್ ಪಕ್ಕಾನೇ ಕೂತ್ಕೊ, ಬರ್ದೇ ಇರೋದನ್ನ ನಾನ್ ಹೇಳ್ಕೊಡ್ತೀನಿ, ಎಂದಳಂತೆ. ತಂಗಿಯರ ಬಾಯಿ ಎಂಥದು ಎಂಬುದು ನಿನಗೆ ಬೇರೆ ಹೇಳಬೇಕಾಗಿಲ್ಲ.

ಅವರಮ್ಮ ಟೈಲರ್. ಹೋದ ವಾರ ಬಂದವರು ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿಯನ್ನೂ ತೆಗೆಯದೆ, ಟೀಚರ್, ಇನ್ನೊಂದ್ ಸಲ ಕೆಳಗೆ ಕೂರಿಸಿದ್ರೆ ಇರೋ ಪಿಸುಮಾತೂ ನಿಂತೋಗತ್ತೆ, ಅಂದು ಹೋದರು. ನಾನು ಎದೆಯುಬ್ಬಿಸಿ ಧೈರ್ಯ ಹೇಳಿ ಕಳಿಸಿದೆ. ನನಗೇನು ಚಿಂತೆ? ನನ್ನ ಉಕ್ತಲೇಖನದಲ್ಲಿ ಅವಳಿಗೆ ಎಂದೂ ಒಂಬತ್ತಕ್ಕಿಂತ ಕಡಿಮೆ ಬಂದದ್ದಿಲ್ಲ. ನನ್ನ ತರಗತಿಯಲ್ಲಿ ಯಾರಿಗೂ ಬಂದದ್ದಿಲ್ಲ. ಅಕ್ಕಪಕ್ಕದ ತರಗತಿಯ ಟೀಚರುಗಳು ನನ್ನನ್ನು ಕಂಡರೆ ಜಾಗ ಬಿಟ್ಟು ನಡೆಯುತ್ತಿದ್ದರು.

ಮಾರನೇ ದಿನವೇ ಕಪಾಟಿನ ಬಾಗಿಲು ನನ್ನ ಬಲಗೈಯನ್ನು ಕಚ್ಚಿತು. ಮೂಳೆ ಉಳಿಯಿತು, ಮಾನ ಉಳಿಯಲಿಲ್ಲ. ಕೈಗೆ ಬ್ಯಾಂಡೇಜ್ ಸುತ್ತಿ ಕತ್ತಿಗೆ ನೇತುಹಾಕಿಕೊಂಡು ಬಂದು, ಹಿಂದಿನ ವಾರದ ಪದಗಳನ್ನೇ ಮತ್ತೆ ಹೇಳಿ ಬರೆಸಿದೆ. ಅಕ್ಕಾ, ಆ ದಿನ ನನ್ನ ಮಕ್ಕಳು ಬರೆದ ಕನ್ನಡವನ್ನು ಯಾವ ದೇಶದವರೂ ತಮ್ಮದೆಂದು ಒಪ್ಪಿಕೊಳ್ಳಲಾರರು. ಒತ್ತುಗಳು ಉದುರಿದ್ದವು, ದೀರ್ಘಗಳು ಊರು ಬಿಟ್ಟಿದ್ದವು. ಪಿಸುಮಾತಿಗೆ ಹತ್ತಕ್ಕೆ ಎರಡು.

ತಲೆಯೆತ್ತಿ ನೋಡಿದರೆ ಇಡೀ ತರಗತಿ ನನ್ನ ಬ್ಯಾಂಡೇಜನ್ನೇ ದಿಟ್ಟಿಸುತ್ತಿತ್ತು. ಪಿಸುಮಾತು ಹತ್ತಿರ ಬಂದು, ಮಿಸ್, ನಿಮ್ ಕೈ ಯಾವಾಗ ವಾಸಿಯಾಗತ್ತೆ, ಎಂದು ಕೇಳಿದಳು. ನಾನು ಕರಗಿಹೋದೆ. ನೋವಿಲ್ಲ ಪುಟ್ಟಿ, ಅಂದೆ. ಅದಕ್ಕವಳು, ಹಾಗಲ್ಲ ಮಿಸ್, ಕೈ ಇಲ್ದೆ ಪದ ಕಾಣಲ್ಲ, ಎಂದಳು.

ಆಮೇಲೆ ಎಲ್ಲರೂ ಸೇರಿ ಬಹಳ ಸಂತೋಷದಿಂದ ನನಗೆ ಪಾಠ ಮಾಡಿದರು. ನಾನು ಪದ ಹೇಳುವಾಗ ನನ್ನ ತೋರುಬೆರಳು ತಾನಾಗಿ ಗಾಳಿಯಲ್ಲಿ ಆ ಪದವನ್ನು ಬರೆಯುತ್ತದಂತೆ. ಬೆರಳು ಕೆಳಕ್ಕಿಳಿದರೆ ಒತ್ತು. ಎಳೆದರೆ ದೀರ್ಘ. ಕುಟುಕಿದರೆ ಮಹಾಪ್ರಾಣ. ಎದುರಿಗೆ ಕೂತವರಿಗೆ ಅಕ್ಷರ ಹಿಂದುಮುಂದಾಗಿ ಕಾಣುತ್ತದಲ್ಲ, ಅದನ್ನೂ ಅವರೇ ತಿರುಗಿಸಿಕೊಂಡು ಬರೆಯುತ್ತಿದ್ದರಂತೆ. ಇಷ್ಟು ಬುದ್ಧಿವಂತ ಮಕ್ಕಳಿಗೆ ಇಷ್ಟು ತಿಂಗಳೂ ನಾನು ಕಾಗುಣಿತ ಕಲಿಸಿರಲೇ ಇಲ್ಲ.

ಈಗ ನೀನು ನಗುತ್ತಿರುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಕಳೆದ ಸಲ ರಜೆ ಹಾಕಿ ಬಂದ ನೀನು ನನ್ನ ತರಗತಿಯ ಕೊನೇ ಬೆಂಚಿನಲ್ಲಿ ಒಂದು ಗಂಟೆ ಕೂತು ಹೋಗಿ, ನಿನ್ ಮಕ್ಕಳು ಕಿವಿಯಿಂದ ಬರೆಯಲ್ಲ ಕಣೇ, ಕಣ್ಣಿಂದ ಬರೀತಾರೆ, ಅಂದೆ. ನಾನು, ನಿನಗೆ ಹೊಟ್ಟೆಕಿಚ್ಚು, ಅಂದೆ. ನೀನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದೆ. ಆ ಲೋಟವನ್ನು ನಾನು ತುಂಬಾ ಹೊತ್ತು ತೊಳೆಯಲಿಲ್ಲ. ಇರಲಿ, ಅದೀಗ ಯಾಕೆ.

ಗೋಡೆಯಾಚೆ ಕುರ್ಚಿ ಸರಿದ ಸದ್ದಾಯಿತು. ಇಲ್ಲ, ಫ್ಯಾನು ಜೋರು ಮಾಡಿಕೊಂಡಿದ್ದಾರೆ ಅಷ್ಟೇ.

ಉಳಿದದ್ದು ಬೆರಳೆಣಿಕೆಯ ದಿನ. ನಾನು ತರಗತಿಯ ಹಿಂದೆ ನಿಂತು ಪದ ಹೇಳಿದೆ. ಇಡೀ ತರಗತಿ ಬೆಂಚಿನ ಮೇಲೆ ಹಿಂದುಮುಂದಾಗಿ ಕೂತಿತು. ಬಾಗಿಲ ಮರೆಯಲ್ಲಿ ನಿಂತು ಹೇಳಿದೆ. ಒಬ್ಬ ಎದ್ದು ಬಂದು ನನ್ನ ಆರೋಗ್ಯ ವಿಚಾರಿಸಿದ. ಕೊನೆಗೆ, ಬೆರಳು ನನಗೊಬ್ಬಳಿಗೇ ಇದೆಯೇನ್ರೋ, ನಿಮ್ಮದು ಎಲ್ಲಿ ಹೋಯಿತು, ಎಂದು ಗದರಿಸಿ, ಪದವನ್ನು ಬಾಯಲ್ಲಿ ಹೇಳಿಕೊಂಡು ಮೊದಲು ತಮ್ಮ ಬೆರಳಿನಿಂದ ಡೆಸ್ಕಿನ ಮೇಲೆ ಬರೆದು ಆಮೇಲೆ ಪೆನ್ಸಿಲು ಮುಟ್ಟಬೇಕೆಂದು ಕಟ್ಟಪ್ಪಣೆ ಮಾಡಿದೆ. ಪಿಸುಮಾತು ಕಣ್ಣು ಮುಚ್ಚಿಕೊಂಡು ಬರೆಯತೊಡಗಿದಳು. ಎರಡಿದ್ದದ್ದು ಮೂರಾಯಿತು, ನಾಲ್ಕಾಯಿತು. ನಿನ್ನೆ ಐದು. ಐದಕ್ಕೇ ದಿನ ಮುಗಿದುಹೋಯಿತು.

ನಿನ್ನೆ ಸಂಜೆಯೇ ನಾನು ಹೆಡ್‌ಮೇಡಂ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿ, ಒಂದು ತಿಂಗಳು ಸಮಯ ಬೇಡಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಪರೀಕ್ಷೆ ಮುಂದೆ ಹಾಕೋಕೆ ಅದೇನು ನಮ್ಮನೆ ಮದುವೇನಾ, ಅಂದರು. ಆಮೇಲೆ ಬಾಗಿಲ ಕಡೆ ನೋಡಿ, ನಾಳೆ ಬ್ಯಾಂಡೇಜ್ ಬಿಚ್ತೀರಲ್ಲ, ಪದ ಓದೋದು ಪರೀಕ್ಷಕರು, ನೀವು ಸುಮ್ನೆ ಬೋರ್ಡ್ ಪಕ್ಕ ನಿಂತ್ಕೊಳ್ಳಿ, ಯಾವತ್ತಿನ ಹಾಗೆ, ಎಂದರು. ಆ ‘ಯಾವತ್ತಿನ ಹಾಗೆ’ಯನ್ನು ಎಷ್ಟು ಮೆತ್ತಗೆ ಹೇಳಿದರೆಂದರೆ, ನನಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಗೊತ್ತಿಲ್ಲದೆ ಆಡಿದ ಬೆರಳು ಒಂದು. ಗೊತ್ತಿದ್ದೂ ಆಡಿಸುವ ಬೆರಳಿಗೆ ಬೇರೆ ಹೆಸರಿದೆ.

ಇವತ್ತು ಬೆಳಿಗ್ಗೆ ಬೋರ್ಡಿನ ಪಕ್ಕವೇ ನಿಂತೆ. ಎರಡೂ ಕೈ ಬೆನ್ನ ಹಿಂದೆ, ಕೈಯಲ್ಲಿ ಡಸ್ಟರ್. ಪರೀಕ್ಷಕರು ದಪ್ಪ ಮೀಸೆಯವರು. ಪ್ರತಿ ಪದವನ್ನೂ ಮೀಸೆಯಲ್ಲಿ ಸೋಸಿ ಹೊರಗೆ ಬಿಡುತ್ತಾರೆ. ಮೊದಲನೇ ಪದ ‘ಛತ್ರಿ’. ಅಷ್ಟೂ ತಲೆಗಳು ಎದ್ದು ನನ್ನತ್ತ ನೋಡಿದವು. ನಾನು ಡಸ್ಟರನ್ನು ಹಿಂಡಿದೆ. ಪಿಸುಮಾತು ನನ್ನ ಮುಖ ನೋಡಿದಳು, ನನ್ನ ಭುಜ ನೋಡಿದಳು, ಕೈ ಎಲ್ಲಿ ಹೋಯಿತೆಂದು ಹುಡುಕಿದಳು. ಆಮೇಲೆ ಕಣ್ಣು ಮುಚ್ಚಿದಳು. ಅವಳ ಬೆರಳು ಡೆಸ್ಕಿನ ಮೇಲೆ ಹರಿಯಿತು. ಅವಳನ್ನು ಕಂಡು ಪಕ್ಕದವಳು, ಅವಳನ್ನು ಕಂಡು ಹಿಂದಿನವನು. ಇಡೀ ಕೋಣೆ ಸರಸರ ಸದ್ದು ಮಾಡಿತು. ಪರೀಕ್ಷಕರು ಓದುವುದನ್ನು ನಿಲ್ಲಿಸಿ, ಏನಮ್ಮಾ, ನಿಮ್ಮ ತರಗತೀಗೆಲ್ಲ ತುರಿಕೆ ಬಂದಿದೆಯಾ, ಎಂದು ಕೇಳಿದರು. ಇಲ್ಲ ಸಾರ್, ಅಕ್ಷರ ಬರ್ತಾ ಇದೆ, ಅಂದೆ.

ಒಂಬತ್ತು ಪದ ಮುಗಿಯುವವರೆಗೂ ನನ್ನ ಕೈ ಬೆನ್ನ ಹಿಂದೆಯೇ ಇತ್ತು. ಇದನ್ನು ಅಮ್ಮನ ಮೇಲೆ ಆಣೆಯಿಟ್ಟು ಹೇಳಬಲ್ಲೆ.

ಬಾಗಿಲು ತೆರೆಯಿತು. ಈ ಸಲ ಫ್ಯಾನಲ್ಲ. ಬಂದೆ, ಇರು.

ಬಂದೆ. ಅಕ್ಷರ ಸೊಟ್ಟಗಾದರೆ ಕ್ಷಮಿಸು, ಮೈದಾನದಿಂದ ಓಡಿಬಂದು ಬರೆಯುತ್ತಿದ್ದೇನೆ. ತರಗತಿಯ ಮಾನ ಅಷ್ಟಕ್ಕಷ್ಟೇ. ಎರಡನೇ ಬೆಂಚಿನ ಜಾಣನಿಗೂ ಹತ್ತಕ್ಕೆ ಏಳೇ. ಅಕ್ಕಪಕ್ಕದ ಟೀಚರುಗಳು ಇನ್ನು ನನ್ನ ಜೊತೆ ಧಾರಾಳವಾಗಿ ನಡೆಯಬಹುದು. ಪಿಸುಮಾತಿಗೆ ಆರು. ಕೂಡಿದ್ದರಲ್ಲಿ ತಪ್ಪಿರಬಹುದೆಂದು ಹೆಡ್‌ಮೇಡಂ ಎದುರಿಗೇ ಮತ್ತೆ ಎಣಿಸಿದೆ. ಆರೇ. ಮೈದಾನಕ್ಕೆ ಹೋಗಿ ಹೇಳಿದೆ. ಅವಳು ಏನೋ ಅಂದಳು, ನನಗೆ ಕೇಳಿಸಲಿಲ್ಲ. ಏನೇ ಅದು, ಅಂದೆ. ಆಗ ಅವಳು ಮೈದಾನದ ಆ ತುದಿಯಲ್ಲಿ ಆಡುತ್ತಿದ್ದ ತಂಗಿಗೂ ಕೇಳುವಂತೆ, ಬೆಂಚ್ ಬೇಡ ಅಂತ ಅವಳಿಗೆ ಹೇಳ್ಬಿಡಿ ಮಿಸ್, ಎಂದಳು.

ಮತ್ತೆ ರಜೆ ಹಾಕಿ ಬಾ. ಕೊನೇ ಬೆಂಚು ಒರೆಸಿಟ್ಟಿರುತ್ತೇನೆ. ಕಾಫಿ ಪೂರ್ತಿ ಕುಡಿದು ಹೋಗು.

ಇಂತಿ,
ಹೊಟ್ಟೆಕಿಚ್ಚು ಅಂದವಳು,
ನಿನ್ನ ತಂಗಿ

ವಿ.ಸೂ.: ಒಂಬತ್ತರವರೆಗೆ ಆಣೆಯಿಟ್ಟವಳು ಹತ್ತನೇ ಪದಕ್ಕೆ ಯಾಕೆ ಬಾಯಿಬಿಡಲಿಲ್ಲ ಎಂದು ನೀನು ಇಷ್ಟುಹೊತ್ತಿಗೆ ಹುಬ್ಬೇರಿಸಿರುತ್ತೀಯ. ಹತ್ತನೇ ಪದ ‘ವಿದ್ಯಾರ್ಥಿ’. ಅವಳಿಗೆ ಅಲ್ಲಿಯವರೆಗೆ ಎಷ್ಟು ಸರಿ ಬಂದಿದೆಯೋ ನನಗೆ ಗೊತ್ತಿರಲಿಲ್ಲ. ನಿನ್ನೆಯ ಐದು ನೆನಪಾಯಿತು, ಆ ತಂಗಿಯ ಬೆಂಚು ನೆನಪಾಯಿತು. ಡಸ್ಟರ್ ಕೆಳಗೆ ಬಿತ್ತು. ಕೈ ಮುಂದೆ ಬಂತು. ಅಕ್ಕಾ, ನಾನು ಬೇಕೆಂದೇ ಬರೆದೆ, ದೊಡ್ಡದಾಗಿ, ಕುಟುಕು ಸಮೇತ. ಮಕ್ಕಳೆಲ್ಲ ತಮ್ಮ ತಮ್ಮ ಬೆರಳನ್ನೇ ನೋಡುತ್ತಿದ್ದರು, ಇಡೀ ಕೋಣೆಯಲ್ಲಿ ನನ್ನ ಬೆರಳು ನೋಡಿದವರು ಒಬ್ಬರೇ, ಪರೀಕ್ಷಕರು. ಸೊಳ್ಳೆನಾಮ್ಮಾ, ಎಂದು ಕೇಳಿದರು. ಹೌದು ಸಾರ್, ಅಂದೆ. ಪಿಸುಮಾತು ಕಣ್ಣು ಮುಚ್ಚಿಕೊಂಡಿದ್ದಳು. ಆ ಪದ ಅವಳಿಗೆ ತಪ್ಪಾಗಿದೆ.