ಹೊಟ್ಟೆಗೆ ಬರಬೇಕಾದ ನೆಂಟರು

ಆಸ್ಪತ್ರೆಯ ಬೆಂಚಿನ ಮೇಲಿಂದ
ಮಾರ್ಚ್ ೧೨, ಬುಧವಾರ ಬೆಳಿಗ್ಗೆ

ಅಕ್ಕಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಬೈಯುವಿಯಂತೆ. ನೀನು ದೊಡ್ಡಮ್ಮ ಆಗಿದ್ದೀಯ. ಹೆಣ್ಣುಮಗು. ಇನ್ನೂ ಒಳಗೇ ಇರಬೇಕಾಗಿದ್ದವಳು ಅವಸರ ಮಾಡಿಕೊಂಡು ಬಂದುಬಿಟ್ಟಿದ್ದಾಳೆ. ಗಾಜಿನ ಪೆಟ್ಟಿಗೆಯಲ್ಲಿದ್ದಾಳೆ, ಉಸಿರಾಡುತ್ತಿದ್ದಾಳೆ, ಮೊನ್ನೆ ಒಂದು ಸಲ ಆಕಳಿಸಿದಳು.

ಹೋದ ತಿಂಗಳು ನೀನು ಫೋನ್ ಮಾಡಿದಾಗಲೆಲ್ಲ ‘ಚೆನ್ನಾಗಿದ್ದೀನಿ, ಹೊಟ್ಟೆ ಭಾರ ಅಷ್ಟೇ’ ಎನ್ನುತ್ತಿದ್ದೆನಲ್ಲ, ಆಗಲೇ ನನ್ನ ಹೊಟ್ಟೆ ಖಾಲಿಯಾಗಿತ್ತು. ಈ ಬೆಂಚಿನ ಮೇಲೆ ಕೂತೇ ಮಾತಾಡುತ್ತಿದ್ದೆ. ಒಳಗೆ ಯಂತ್ರ ಕೂಗಿಕೊಂಡಾಗ ನೀನು ‘ಅದೇನೇ ಸದ್ದು?’ ಎಂದೆ. ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಾರೆ ಎಂದೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು ಸುಳ್ಳಿಗಾಗಿ ದೂರ ಹೋಗಬೇಕಾಗಿರಲಿಲ್ಲ.

ಯಾಕೆ ಮುಚ್ಚಿಟ್ಟೆ ಎಂದು ನಿನಗೆ ಗೊತ್ತಾಗಿರುತ್ತದೆ. ನಿನ್ನ ಮಗನೂ ಹೀಗೆಯೇ ತಿಂಗಳು ತುಂಬುವ ಮೊದಲೇ ಹುಟ್ಟಿದವನು. ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಹೊಟ್ಟೆ ಉಬ್ಬಿತು, ಹಸಿರಾಗಿ ವಾಂತಿಯಾಯಿತು, ಹೋಗಿಬಿಟ್ಟ ಎಂದಷ್ಟೇ ನನ್ನ ಕಿವಿಗೆ ಬಿದ್ದದ್ದು. ನಿನ್ನ ಅತ್ತೆ ಅಡುಗೆಮನೆಯಲ್ಲಿ ನಿಂತು ‘ತಾಯಿ ಹಾಲೇ ಒಗ್ಗದಿದ್ರೆ ಯಾರು ತಾನೇ ಏನು ಮಾಡೋಕಾಗುತ್ತೆ’ ಎಂದದ್ದನ್ನೂ ಕೇಳಿಸಿಕೊಂಡಿದ್ದೆ. ನೀನು ಪಾತ್ರೆ ತೊಳೆಯುತ್ತಿದ್ದೆ. ಕೈ ನಿಲ್ಲಲಿಲ್ಲ, ಬಾಯಿ ತೆರೆಯಲಿಲ್ಲ. ಇವತ್ತಿನವರೆಗೂ ತೆರೆದಿಲ್ಲ. ಅಂಥವಳಿಗೆ ನನ್ನ ಮಗು ಗಾಜಿನ ಪೆಟ್ಟಿಗೆಯಲ್ಲಿದೆ ಎಂದು ಯಾವ ಬಾಯಲ್ಲಿ ಹೇಳಲಿ?

ನನಗೆ ಬಿ.ಪಿ. ಏರಿ ಅಂಗಡಿಯಲ್ಲೇ ಕಣ್ಣು ಮಂಜಾಯಿತು. ಗಿರಾಕಿಯ ಕನ್ನಡಕವೇ ಕೊಳೆ ಎಂದುಕೊಂಡು ಒರೆಸಿದ್ದೇ ಒರೆಸಿದ್ದು. ಮಾಲೀಕರು ಇಲ್ಲಿಗೆ ಕರೆತಂದು ಬಿಟ್ಟರು, ಅಂದೇ ಆಪರೇಷನ್ ಆಯಿತು. ನಮ್ಮವರು ನಡುಸಮುದ್ರದಲ್ಲಿ, ಹಡಗಿನ ಇಂಜಿನ್ ಕೋಣೆಯಲ್ಲಿ. ಒಮ್ಮೆ ಮಾತ್ರ ಫೋನ್ ಸಿಕ್ಕಿತು. ‘ಮಗು ಯಾರ ಥರ ಇದೆ?’ ಎಂದರು. ‘ಇನ್ನೂ ಮಗು ಥರಾನೇ ಇಲ್ಲ’ ಎನ್ನುವಷ್ಟರಲ್ಲಿ ಲೈನ್ ಹೋಯಿತು. ಆಮೇಲೆ ಸಿಕ್ಕಿಲ್ಲ.

ಇಲ್ಲಿ ಎಲ್ಲರೂ ಕೈಗೆ ಗವಸು, ಮುಖಕ್ಕೆ ಮಾಸ್ಕ್ ಹಾಕಿಕೊಂಡಿರುತ್ತಾರೆ. ಒಳ್ಳೆಯವರೇ. ಆದರೆ ಎಷ್ಟೋ ದಿನ ನನ್ನನ್ನು ಯಾರೂ ಬರಿಗೈಯಲ್ಲಿ ಮುಟ್ಟಲಿಲ್ಲ, ನಾನೂ ಯಾರನ್ನೂ ಮುಟ್ಟಲಿಲ್ಲ. ಪೆಟ್ಟಿಗೆಯ ಪಕ್ಕದ ಕಿಂಡಿಯಲ್ಲಿ ಕೈ ತೂರಿಸಿ ಅವಳ ಅಂಗಾಲಿಗೆ ಒಂದು ಬೆರಳು ತಾಗಿಸುತ್ತಿದ್ದೆ. ಅಷ್ಟೇ ನನ್ನ ಸಂಸಾರ.

ಮಕ್ಕಳ ಡಾಕ್ಟರು ಒಬ್ಬರಿದ್ದಾರೆ, ಸದಾ ನಿದ್ದೆಗೆಟ್ಟ ಮುಖ. ಒಂದು ಮಧ್ಯಾಹ್ನ ಪಕ್ಕದಲ್ಲೇ ಕೂತು ಬಿಡಿಸಿ ಹೇಳಿದರು. ‘ಹುಟ್ಟಿದ ಮಗುವಿನ ಕರುಳು ಈಗಷ್ಟೇ ಕಟ್ಟಿದ ಬೀದಿ ಇದ್ದಹಾಗೆ. ಮೊದಲು ಯಾರು ಬಂದು ಮನೆ ಮಾಡ್ತಾರೋ ಬೀದಿ ಅವರದ್ದೇ ಆಗುತ್ತೆ. ಮಾಮೂಲಿ ಹೆರಿಗೆಯಲ್ಲಿ ತಾಯಿಯಿಂದಲೇ ಒಳ್ಳೆ ಬ್ಯಾಕ್ಟೀರಿಯಾ ಮಗುವಿಗೆ ಹೋಗ್ತವೆ. ನಿಮ್ಮದು ಆಪರೇಷನ್. ಮೇಲೆ ಆ್ಯಂಟಿಬಯಾಟಿಕ್ ಬೇರೆ ಕೊಡಲೇಬೇಕಾಯ್ತು. ಪುಂಡರು ಬಂದು ಕೂರೋ ಮೊದಲು ಒಳ್ಳೆಯವರು ಬರಬೇಕು.’

ತಾಯಿಯ ಹಾಲಿನಲ್ಲಿ ಮಗುವಿಗೆ ಜೀರ್ಣವೇ ಆಗದ ಒಂದು ಬಗೆಯ ಸಕ್ಕರೆ ಇದೆಯಂತೆ ಅಕ್ಕ. ಅದು ಮಗುವಿಗಲ್ಲ, ಹೊಟ್ಟೆಗೆ ಬರುವ ಆ ಸೂಕ್ಷ್ಮಜೀವಿಗಳಿಗೆ. ಕೇಳಿ ನನಗೆ ನಗು ಬಂತು. ನನ್ನನ್ನು ನೋಡಲು ಒಂದು ನರಪಿಳ್ಳೆಯೂ ಬರುತ್ತಿಲ್ಲ, ನನ್ನ ಮೈ ಮಾತ್ರ ನೆಂಟರಿಗೆಂದು ಅಡುಗೆ ಮಾಡಿಟ್ಟುಕೊಂಡು ಕಾಯುತ್ತಿದೆ! ನರ್ಸ್‌ಗೂ ಹಾಗೇ ಹೇಳಿದೆ.

ಆದರೆ ಹಾಲೇ ಬರುತ್ತಿರಲಿಲ್ಲ. ಹಾಲು ಹಿಂಡುವ ಕೋಣೆಯಲ್ಲಿ ಪಂಪು ಹಿಡಿದು ಕೂತರೆ ಬಾಟಲಿಯ ತಳ ಒದ್ದೆಯಾಗುವುದೇ ಹೆಚ್ಚು. ಅಲ್ಲಿ ಪರಿಚಯವಾದವಳು ಒಬ್ಬಳು ಬಸ್ ಡ್ರೈವರ್. ಎಲ್ಲರೂ ಅವಳನ್ನು ಡ್ರೈವರಮ್ಮ ಎನ್ನುತ್ತಿದ್ದರು. ಅವಳ ಗಂಡುಮಗು ನನ್ನ ಮಗಳ ಆಚೆ ಸಾಲಿನಲ್ಲಿತ್ತು. ಅವಳ ಬಾಟಲಿ ತುಂಬಿ ತುಳುಕುತ್ತಿತ್ತು. ‘ನೀನು ಬಾಟಲಿ ನೋಡ್ತಾ ಕೂರಬೇಡ ಕಣೇ, ಅದಕ್ಕೂ ನಾಚಿಕೆ ಆಗುತ್ತೆ’ ಎಂದು ತನ್ನ ಕರವಸ್ತ್ರವನ್ನು ನನ್ನ ಬಾಟಲಿಗೆ ಹೊದಿಸಿದಳು. ಎಷ್ಟೋ ದಿನಗಳ ಮೇಲೆ ನಕ್ಕೆ. ಆವತ್ತು ಸ್ವಲ್ಪ ಹೆಚ್ಚೇ ಬಂತು.

ಆಮೇಲೆ ಡಾಕ್ಟರು ಪ್ರೋಬಯಾಟಿಕ್ ಹನಿಯ ವಿಷಯ ಎತ್ತಿದರು. ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಹಾಲಿನಲ್ಲಿ ಬೆರೆಸಿ ಕೊಡುವುದು. ಅವಸರದಲ್ಲಿ ಹುಟ್ಟಿದ ಮಕ್ಕಳಿಗೆ ಬರುವ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾಗುವ ಆ ಕರುಳಿನ ಕಾಯಿಲೆ ಇದರಿಂದ ಕಡಿಮೆಯಾದದ್ದನ್ನು ಅನೇಕ ಕಡೆ ಕಂಡಿದ್ದಾರಂತೆ. ಆದರೆ ಇಷ್ಟು ಪುಟ್ಟ ಮಕ್ಕಳಲ್ಲಿ, ತೀರಾ ಅಪರೂಪಕ್ಕೆ, ಅದೇ ಜೀವಿಗಳು ರಕ್ತಕ್ಕೆ ಸೇರಿ ಸೋಂಕಾಗುವುದೂ ಉಂಟಂತೆ. ಎಲ್ಲ ಡಾಕ್ಟರುಗಳೂ ಒಂದೇ ಮಾತು ಹೇಳುವುದಿಲ್ಲ ಎಂದೂ ಅವರೇ ಹೇಳಿದರು. ‘ಗ್ಯಾರಂಟಿ ಕೊಡೋಕಾಗಲ್ಲ. ಕೊಡೋಣ ಅನ್ನೋದು ನನ್ನ ಅಭಿಪ್ರಾಯ. ನಿಮ್ಮ ಒಪ್ಪಿಗೆ ಬೇಕು.’

ಮನೆಯವರನ್ನು ಕೇಳಿ ಹೇಳುತ್ತೇನೆ ಎಂದೆ. ಯಾವ ಮನೆ, ಯಾರವರು? ಹಡಗಿಗೆ ಫೋನ್ ಹೋಗಲಿಲ್ಲ. ನಿನ್ನ ನಂಬರ್ ಒತ್ತಿ, ರಿಂಗ್ ಆಗುವ ಮೊದಲೇ ಕಟ್ ಮಾಡಿದೆ. ಆಮೇಲೆ ವಾಪಸ್ಸು ಹೋಗಿ, ಕೇಳಬಾರದೆಂದುಕೊಂಡಿದ್ದನ್ನು ಕೇಳಿದೆ. ‘ಡಾಕ್ಟರೇ, ತಾಯಿ ಹಾಲಿನಿಂದಲೇ ಆ ಕಾಯಿಲೆ ಬರುತ್ತಾ?’

ಅವರು ನನ್ನ ಮುಖವನ್ನೇ ನೋಡಿದರು. ‘ಯಾರು ಹೇಳಿದ್ರು ನಿಮಗೆ? ತಾಯಿ ಹಾಲು ಕುಡಿದ ಮಕ್ಕಳಿಗೆ ಅದು ಕಡಿಮೆ. ಹಾಗಿದ್ದೂ ಕೆಲವು ಮಕ್ಕಳಿಗೆ ಬರುತ್ತೆ. ಬೆಳೆಯದ ಕರುಳು, ಸೋಂಕು, ಎಷ್ಟೋ ಕಾರಣ. ತಾಯಿ ತಪ್ಪಲ್ಲ ಅದು. ಯಾವತ್ತೂ ಅಲ್ಲ.’

ಈ ಮಾತನ್ನು ಇನ್ನೊಂದು ಸಲ ಓದು ಅಕ್ಕ. ನಿನಗೆ ತಲುಪಿಸಲೆಂದೇ ಕೇಳಿದೆನೋ ಏನೋ.

ಒಪ್ಪಿಗೆ ಕೊಟ್ಟೆ. ಹನಿ ಶುರುವಾಯಿತು. ಒಂದು ವಾರವೂ ಆಗಿರಲಿಲ್ಲ, ಮಗಳ ಹೊಟ್ಟೆ ಬಿಗಿಯಾಗಿ ಉಬ್ಬಿತು. ಹಾಲು ನಿಲ್ಲಿಸಿದರು, ಹನಿಯನ್ನೂ ನಿಲ್ಲಿಸಿದರು. ಎಕ್ಸ್-ರೇ ಮೇಲೆ ಎಕ್ಸ್-ರೇ. ಚರ್ಮದ ಕೆಳಗೆ ನೀಲಿ ನರಗಳು ಕಾಣುತ್ತಿದ್ದವು. ಒಪ್ಪಿಗೆ ಕೊಟ್ಟು ನಾನೇ ಕೊಂದೆ ಎಂದು ಬೆಂಚಿನ ಮೇಲೆ ಮೊಣಕಾಲಿಗೆ ಹಣೆ ಒತ್ತಿಕೊಂಡು ಕೂತಿದ್ದೆ. ನೀನು ಇಷ್ಟು ವರ್ಷ ಇದನ್ನೇ ಹೊತ್ತುಕೊಂಡು ಪಾತ್ರೆ ತೊಳೆದೆಯಾ? ಒಬ್ಬಳೇ?

ಆಗ ಡ್ರೈವರಮ್ಮ ಬಂದು ಪಕ್ಕದಲ್ಲಿ ಕೂತು ನನ್ನ ಬೆನ್ನ ಮೇಲೆ ಕೈಯಿಟ್ಟಳು. ಬರಿಗೈ. ಅವಳ ಮಗ ಹಿಂದಿನ ದಿನವಷ್ಟೇ ಹೋಗಿದ್ದ, ಶ್ವಾಸಕೋಶ ಸಾಥ್ ಕೊಡಲಿಲ್ಲ. ನನಗದು ಗೊತ್ತೇ ಇರಲಿಲ್ಲ. ‘ಹಾಲು ಹಿಂಡೋಕೆ ಬಂದೆ’ ಎಂದಳು. ‘ಹಾಲಿಗೆ ಗೊತ್ತಾಗಲ್ವಲ್ಲ ಅವನು ಇಲ್ಲ ಅಂತ. ಬರ್ತಾನೇ ಇದೆ. ಚೆಲ್ಲೋಕೆ ಮನಸ್ಸಾಗಲಿಲ್ಲ ಕಣೇ.’

ಮಗಳ ಹೊಟ್ಟೆ ನಿಧಾನಕ್ಕೆ ಇಳಿಯಿತು. ಆ ಕಾಯಿಲೆಯೇ ಅಲ್ಲವೋ, ಶುರುವಿನಲ್ಲೇ ತಡೆದರೋ, ಖಚಿತವಾಗಿ ಹೇಳಲಾರೆ ಎಂದರು ಡಾಕ್ಟರು. ಹನಿಯಿಂದ ಒಳ್ಳೆಯದಾಯಿತೋ ಇಲ್ಲವೋ, ಅದನ್ನೂ ಹೇಳಲಾರರಂತೆ. ಮತ್ತೆ ಹಾಲು ಶುರುವಾದಾಗ ನನ್ನದು ಸಾಲಲಿಲ್ಲ. ಡ್ರೈವರಮ್ಮ ಕೊಟ್ಟ ಹಾಲನ್ನು ಆಸ್ಪತ್ರೆಯವರು ಪರೀಕ್ಷೆ ಮಾಡಿ, ಬಿಸಿ ಮಾಡಿ ಕೊಟ್ಟರು. ಬಿಸಿ ಮಾಡಿದರೆ ಅದರಲ್ಲಿರುವ ಜೀವಿಗಳು ಸಾಯುತ್ತವಂತೆ. ‘ಹೊಟ್ಟೆ ತುಂಬಿಸೋದು ಅವರ ಹಾಲು. ನೆಂಟರನ್ನ ಕರ್ಕೊಂಡು ಬರೋದು ನಿಮ್ಮ ಹಾಲು, ನಿಮ್ಮ ಮೈ’ ಎಂದು ನರ್ಸ್ ನನ್ನ ಮಾತನ್ನೇ ನನಗೆ ತಿರುಗಿಸಿದಳು. ಹೋದ ವಾರ ಮಗಳನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಎದೆಯ ಮೇಲೆ ಮಲಗಿಸಿದಳು, ಬರಿಮೈಗೆ ಬರಿಮೈ. ಎಷ್ಟು ಹಗುರ ಗೊತ್ತಾ? ಭಾರವೇ ಇಲ್ಲ, ಬರೀ ಬಿಸಿ. ಅವಳ ಕಿವಿ ನನ್ನ ಎದೆಗಂಟಿ ಮಡಚಿಕೊಂಡಿತ್ತು. ಬಿಡಿಸಲೂ ಹೆದರಿಕೆ.

ದಿನಾ ಹಾಗೆ ಮಲಗಿಸಿಕೊಳ್ಳಬೇಕಂತೆ. ನೀನು ಯೋಚನೆ ಮಾಡಬೇಡ, ಬರಬೇಕಾಗಿಯೂ ಇಲ್ಲ. ಇಂಥ ಬಾಗಿಲು ದಾಟುವುದು ನಿನಗೆ ಎಂಥದ್ದು ಎಂದು ನನಗೆ ಗೊತ್ತು. ನಾನು ಹೇಗೋ ನಿಭಾಯಿಸುತ್ತಿದ್ದೇನೆ.

ಇಂತಿ,
ನಿನ್ನ ಸೆರಗು ಹಿಡಿದು ತಿರುಗುತ್ತಿದ್ದ
ನಿನ್ನ ಬಾಲ

ಮರೆತದ್ದು: ಮರೆತಿಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ನಿಭಾಯಿಸುತ್ತಿಲ್ಲ ಅಕ್ಕ. ನಿನ್ನೆಯಿಂದ ನನಗೆ ಜ್ವರ, ಕೆಮ್ಮು. ನನ್ನ ಹಾಲು ಒಳಗೆ ಹೋಗುತ್ತದೆ, ನಾನು ಹೋಗುವಂತಿಲ್ಲ. ಎದೆಯ ಮೇಲೆ ಮಲಗಿಸಿಕೊಳ್ಳಲು ಮನೆಯವರು ಬೇರೆ ಯಾರಾದರೂ ಇದ್ದಾರಾ ಎಂದು ನರ್ಸ್ ಕೇಳಿದಳು. ಅಕ್ಕ ಇದ್ದಾಳೆ ಎಂದುಬಿಟ್ಟೆ. ಈ ಪತ್ರ ತಂದುಕೊಟ್ಟು ನಿನ್ನ ಬಾಗಿಲಲ್ಲಿ ನಿಂತಿರುವವಳೇ ಡ್ರೈವರಮ್ಮ. ಇವತ್ತು ಅವಳು ಮತ್ತೆ ಡ್ಯೂಟಿಗೆ ಹತ್ತಿದ ಮೊದಲ ದಿನ. ಒಳಗೆ ಕರೆದು ಕೂರಿಸು, ಅವಳೂ ನಿನ್ನ ಹಾಗೆಯೇ, ತನ್ನ ಸಂಕಟ ತಾನಾಗಿ ಹೇಳುವವಳಲ್ಲ. ಸಂಜೆ ನಿಮ್ಮೂರಿನಿಂದ ಅವಳ ಬಸ್ಸು ವಾಪಸ್ಸು ಇಲ್ಲಿಗೇ ಬರುತ್ತದೆ. ತನ್ನ ಹಿಂದಿನ ಸೀಟು ನಿನಗೆಂದು ಹಿಡಿದಿಟ್ಟಿರುತ್ತಾಳಂತೆ. ಬಾ.