ಕಿಟಕಿಯ ಎದುರಿನ ಗೋಡೆ

ಪಕ್ಕದ ಮನೆಯ ಯಜಮಾನರಿಗೆ ನಮಸ್ಕಾರ.

ನಿಮ್ಮ ಹೊಸ ಮಹಡಿಯ ಬಗ್ಗೆ ನನ್ನ ತಕರಾರೇನೂ ಇಲ್ಲ. ಬಣ್ಣದವರು ಕಡುಗಂದು ಡಬ್ಬಿ ತಂದಿಟ್ಟಿದ್ದಾರೆ. ನಮ್ಮ ಕಿಟಕಿಯ ಎದುರಿನ ಗೋಡೆಗಷ್ಟಾದರೂ ಬಿಳಿ ಬಳಿಸಿಕೊಡಿ. ಗೋಡೆಗೆ ತಾಗಿದ ಬೆಳಕು ಇತ್ತ ತಿರುಗಿದರೂ ಸಾಕು.

ಕಿಟಕಿಯಲ್ಲಿ ನನ್ನಾಕೆಯ ಆರ್ಕಿಡ್ ಇದೆ, ಪುಟ್ಟ ಚಪ್ಪಲಿಯಂಥ ಹೂ ಬಿಡುವ ಜಾತಿ. ಅವಳು ಹಾಸಿಗೆ ಹಿಡಿದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಮೊಗ್ಗು ಕಂಡಾಗ, “ನಾನಂತೂ ಇನ್ನು ಚಪ್ಪಲಿ ಮೆಟ್ಟಲ್ಲ, ಅದಾದ್ರೂ ಮೆಟ್ಟಲಿ ಬಿಡ್ರೀ” ಎಂದು ನಕ್ಕಿದ್ದಳು. ಗೋಡೆ ಎದ್ದ ಮೇಲೆ ಮೊಗ್ಗು ಹಾಗೇ ನಿಂತುಬಿಟ್ಟಿದೆ.

ದೀಪ ಹಾಕಿದರೆ ಅವಳ ಕಣ್ಣಿಗೆ ಚುಚ್ಚುತ್ತದೆ. ಮಧ್ಯಾಹ್ನ ಊಟ ಒಯ್ದರೆ, “ಆಗಲೇ ಕತ್ತಲಾಯ್ತೇನ್ರೀ?” ಅನ್ನುತ್ತಾಳೆ. ಮೊದಮೊದಲು ಗೋಡೆಯ ವಿಷಯ ಹೇಳುತ್ತಿದ್ದೆ. ಮರೆತು ಮತ್ತೆ ಕೇಳುತ್ತಾಳೆ. ಈಗ, “ಹೂಂ, ಆಯ್ತು, ಮಲಗು” ಅನ್ನುತ್ತೇನೆ.

ಇತಿ,
ಗೋಡೆಯ ಈಚೆಗಿನ ನೆರೆಯವ