ಸಮುದ್ರ ಕಾಣದ ಹಜಾರ

ಅಪ್ಪಾ,

ನಾನು ಒಳಾಲಂಕಾರ ಮಾಡಿದ ಹಡಗು ನಿನ್ನೆ ಗ್ರೀನಾಕ್ ಬಂದರು ಬಿಟ್ಟಿತು. ಹೆಂಗಸೊಬ್ಬಳಿಗೆ ಇಂಥ ಕೆಲಸ ಕೊಟ್ಟದ್ದು ಇದೇ ಮೊದಲಂತೆ. ಅದಕ್ಕೇ ಕಂಪನಿಯ ಯಜಮಾನರು ನನ್ನನ್ನೂ ನ್ಯೂಯಾರ್ಕಿಗೆ ಕರೆದುಕೊಂಡು ಹೊರಟಿದ್ದಾರೆ.

ಇವತ್ತು ದೊಡ್ಡ ಹಜಾರದಲ್ಲಿ ಅವರು ಎಲ್ಲರೆದುರು ಹೇಳುತ್ತಿದ್ದರು: "ನೀರಿನ ಮೇಲಿದೀವಿ ಅನ್ನೋದೇ ಮರೆತುಹೋಗತ್ತೆ ನೋಡಿ! ಎಲ್ಲಾ ನಮ್ಮ ಎಫಿ ಕೈಚಳಕ."

ಪೇಸ್ಲಿ ಊರಿನ ಮುದುಕಿಯೊಬ್ಬಳು ನನ್ನ ತೋಳು ಜಗ್ಗಿದಳು. "ನಾನು ಸಮುದ್ರ ನೋಡೋಕೇ ಟಿಕೆಟ್ ತಗೊಂಡಿರೋದು ಕಣೇ ಹುಡುಗಿ. ಎಲ್ಲಿ ಬಚ್ಚಿಟ್ಟಿದೀಯ ಅದನ್ನ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಕಿಟಕಿಗಳನ್ನೆಲ್ಲ ಮುಚ್ಚಿದ್ದ ಆ ದಪ್ಪ ಮಖಮಲ್ ಪರದೆಗಳನ್ನು ಆರಿಸಿದ್ದು ನಾನೇ, ಯಾರೂ ಹೇಳಿರಲಿಲ್ಲ. ಚಂದಕ್ಕೆ ಅಂದುಕೊಂಡಿದ್ದೆ. ಚಂದಕ್ಕೇನಾ?

ಪರದೆ ಸರಿಸಿ ಕೊಟ್ಟೆ. ಮುದುಕಿ ಗಾಜಿಗೆ ಮೂಗು ಒತ್ತಿ ನಿಂತಳು. "ಬಾರೇ, ನೀನೂ ನೋಡು."

ನಿನ್ನ ಹಡಗು ಮುಳುಗಿದ ಸುದ್ದಿ ಬಂದ ದಿನದಿಂದ ನಾನು ಸಮುದ್ರದ ಕಡೆ ಮುಖ ಮಾಡಿರಲಿಲ್ಲ. ಅವಳ ಪಕ್ಕ ನಿಂತು ನೋಡಿದೆ. ಬರೀ ಬೂದು ನೀರು ಅಪ್ಪಾ, ದೂರದವರೆಗೂ. ಏನು ಕಂಡೀತು ಅಂತ ಇಷ್ಟು ವರ್ಷ ಹೆದರಿದ್ದೆನೋ, ಈಗ ನನಗೇ ತಿಳಿಯುತ್ತಿಲ್ಲ.

ಎಫಿ